ಚಾಕುವಿನ ಬೆನ್ನ ಮೇಲಿನ ಕಚ್ಚು

ನಮ್ಮ ದೊಡ್ಡಪ್ಪ ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟವರೇ ನೇರ ಅಡುಗೆಮನೆಗೆ ನಡೆಯುತ್ತಿದ್ದರು. ಮನೆಯವರು ಕೂತ್ಕೊಳ್ಳಿ ಅನ್ನುವಷ್ಟರಲ್ಲಿ ಆ ಮನೆಯ ಚಾಕು ಅವರ ಕೈಯಲ್ಲಿರುತ್ತಿತ್ತು. ಅದರ ಅಂಚನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಇಟ್ಟು ನೋಡುವರು. ಕಚ್ಚಿಕೊಂಡರೆ ಸರಿ, ಜಾರಿದರೆ ಲೊಚ್ಚನೆ ಸದ್ದು ಮಾಡಿ ಜೇಬಿನಿಂದ ಸಾಣೆಕಲ್ಲು ತೆಗೆಯುವರು. ಆಮೇಲೆ ಕಾಫಿ ಆರಿ ತಣ್ಣಗಾದರೂ ಅವರಿಗೆ ಲಕ್ಷ್ಯವಿಲ್ಲ. ನೆಂಟರೆಲ್ಲ ಅವರಿಗೆ ಚಾಕಪ್ಪ ಎಂದು ಹೆಸರಿಟ್ಟುಬಿಟ್ಟಿದ್ದರು. "ಚಾಕಪ್ಪ ಬರ್ತಾ ಇದಾನಂತೆ, ಮೊಂಡು ಚಾಕು ಇದ್ರೆ ಬಚ್ಚಿಡಿ, ಇಲ್ಲಾಂದ್ರೆ ಇವತ್ತು ಯಾರಿಗೂ ಊಟ ಇಲ್ಲ" ಎಂದು ನಮ್ಮ ಅತ್ತೆಯೊಬ್ಬರು ಎದುರಿಗೇ ಅನ್ನುತ್ತಿದ್ದರು. ದೊಡ್ಡಪ್ಪ ನಗುತ್ತಲೇ ಸಾಣೆ ಹಿಡಿಯುತ್ತಿದ್ದರು.

ನಮ್ಮದೂ ಅವರದೂ ಒಂದೇ ಗೋಡೆಯ ಮನೆ. ನಮ್ಮ ಅಪ್ಪ ತಮ್ಮ, ಅವರು ಅಣ್ಣ. ಆ ಗೋಡೆಗೆ ಒಂದು ಬಾಗಿಲು ಒಡೆಸಿದ್ದರಿಂದ ನಾನು ಯಾರ ಮನೆಯಲ್ಲಿ ಬೆಳೆದೆ ಎಂದು ಕೇಳಿದರೆ ಎರಡರಲ್ಲೂ ಎಂದೇ ಹೇಳಬೇಕು. ದೊಡ್ಡಪ್ಪನ ಒಬ್ಬಳೇ ಮಗಳು ನನಗೆ ಅಕ್ಕ. ಬೇರೆ ಅಕ್ಕ ನನಗಿಲ್ಲ, ಬೇಕೆಂದೂ ಅನಿಸಿಲ್ಲ.

ದೊಡ್ಡಪ್ಪನದು ಚರ್ಮದ ಚೀಲ ಹೊಲಿಯುವ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುವ ಕೆಲಸ. ದಿನವಿಡೀ ಕೈಯಲ್ಲಿ ಚಾಕು ಹಿಡಿದವನಿಗೆ ಸಂಜೆ ಅದರ ಮುಖ ನೋಡಲೂ ಬೇಸರವಾಗಬೇಕು. ಇವರಿಗೆ ಉಲ್ಟಾ. ರಜೆ ಬಂತೆಂದರೆ ಗುಜರಿ ಅಂಗಡಿಗಳ ಸಾಲಿಗೆ ಹೊರಡುತ್ತಿದ್ದರು, ಎಷ್ಟೋ ಸಲ ನನ್ನನ್ನೂ ಕರೆದುಕೊಂಡು. ಕಬ್ಬಿಣದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮುರಿದ ನಲ್ಲಿ, ಬಾಗಿದ ಚಮಚ, ಸೈಕಲ್ ಚೈನು ಎಲ್ಲವನ್ನೂ ಆಚೀಚೆ ಸರಿಸಿ, ತುಕ್ಕು ಹಿಡಿದು ಕೆಂಪಾದ ಒಂದು ತುಂಡನ್ನು ಎತ್ತಿ ಹಿಡಿದರೆಂದರೆ ಅವರ ಮುಖ ನೋಡಬೇಕು, ಹಬೆಯಾಡುವ ಊಟ ಕಂಡ ಹಸಿದವನ ಮುಖ. ಅಂಗಡಿಯವನಿಗೆ ಆಸೆ ಗೊತ್ತಾಗಬಾರದೆಂದು ಆ ಕಡೆ ಈ ಕಡೆ ನೋಡುತ್ತ, ಬೇಡದ ಇಕ್ಕಳವೊಂದನ್ನೂ ಜೊತೆಗೆ ಎತ್ತಿಕೊಳ್ಳುವರು. ಮನೆಯಲ್ಲಿ ಬೇಡದ ಇಕ್ಕಳಗಳ ಒಂದು ಡಬ್ಬವೇ ತುಂಬಿತ್ತು.

ಆಮೇಲಿನದು ಇನ್ನೂ ದೊಡ್ಡ ಸುಖ. ಮನೆಯ ಹಿಂದಿನ ಹಳೇ ಸಾಮಾನಿನ ಕೋಣೆಯನ್ನು ಅವರು ತಮ್ಮದು ಮಾಡಿಕೊಂಡಿದ್ದರು. ಅಲ್ಲಿ ಸೀಮೆಎಣ್ಣೆಯಲ್ಲಿ ನೆನೆಸಿ, ಮರಳು ಕಾಗದದಲ್ಲಿ ಉಜ್ಜಿ, ತುಕ್ಕಿನ ಅಡಿಯಿಂದ ಬೂದುಬಣ್ಣದ ಉಕ್ಕು ಮೆಲ್ಲಗೆ ಮೇಲೆದ್ದು ಬರುವುದನ್ನು ನೋಡುತ್ತ ಕೂರುವರು. ಹಿಡಿ ಕೊಳೆತಿದ್ದರೆ ಹೊಸ ಮರ ಕೆತ್ತುವರು. ಮುಗಿದ ಮೇಲೆ ಬೆರಳ ಮೇಲೆ ಅಡ್ಡಲಾಗಿ ಇಟ್ಟು ತೂಕ ನೋಡಿ, ಉಗುರಿನಿಂದ ಅಲಗಿಗೆ ಒಂದು ಪೆಟ್ಟು ಕೊಟ್ಟು ಕಿವಿಗೊಡುವರು. ಒಳ್ಳೆ ಉಕ್ಕಿನ ದನಿ ಎಷ್ಟೋ ಹೊತ್ತು ನಿಲ್ಲುತ್ತದಂತೆ. ನನಗೇನೂ ಕೇಳಿಸುತ್ತಿರಲಿಲ್ಲ, ಆದರೂ ಹೂಂ ಅನ್ನುತ್ತಿದ್ದೆ.

ಕೋಣೆಯ ಗೋಡೆಗೆ ಹಲಗೆ ಬಡಿದು ಮೊಳೆ ಹೊಡೆದು ಚಾಕುಗಳನ್ನು ನೇತುಹಾಕಿದ್ದರು. ಪ್ರತಿಯೊಂದರ ಹಿಂದೆಯೂ ಅದರದೇ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿದ್ದರಿಂದ ಯಾವುದಾದರೂ ಜಾಗ ಬಿಟ್ಟು ಹೋದರೆ ತಟ್ಟನೆ ಗೊತ್ತಾಗುತ್ತಿತ್ತು. ಚಮ್ಮಾರರದ್ದು, ಮೀನು ಸೀಳುವವರದ್ದು, ಗಿಡಕ್ಕೆ ಕಸಿ ಕಟ್ಟುವವರದ್ದು, ಕಾಗದ ಕೊಯ್ಯುವವರದ್ದು, ಹಗ್ಗ ಕತ್ತರಿಸುವವರದ್ದು, ಎಲುಬಿನ ಹಿಡಿಯ ಮಡಚುವ ಚಾಕು. ಕಟುಕನೊಬ್ಬನ ಚಾಕು ಸಾಣೆ ತಿಂದು ತಿಂದು ಕಡ್ಡಿಯಷ್ಟು ತೆಳ್ಳಗಾಗಿತ್ತು. ಹೊಡೆದಾಟದ ಚೂರಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ಯಾರೋ ಬಿಟ್ಟಿಯಾಗಿ ಕೊಡಲು ಬಂದಾಗಲೂ ಮುಟ್ಟಲಿಲ್ಲ. "ಕೆಲಸ ಮಾಡಿ ಸವೆದಿರಬೇಕು ಕಣೇ ಪುಟ್ಟಿ. ಅದಕ್ಕೆ ಒಂದು ಮರ್ಯಾದೆ" ಎಂದು ನನಗೆ ಹೇಳಿದ್ದರು.

ದೊಡ್ಡಮ್ಮನಿಗೆ ಈ ಹುಚ್ಚಿನ ಬಗ್ಗೆ ಇದ್ದದ್ದು ಒಂದೇ ದೂರು. "ಮನೆ ತುಂಬ ಚಾಕು, ಒಂದು ಈರುಳ್ಳಿ ಹೆಚ್ಚೋಣ ಅಂದ್ರೆ ಇದು ಮೀನಿಂದು ಮುಟ್ಬೇಡ, ಅದು ಕಾಗದದ್ದು ಮುಟ್ಬೇಡ. ರೀ, ಈರುಳ್ಳೀದು ಯಾವ್ದು ಅಂತ ಒಂದ್ಸಲ ಹೇಳಿಬಿಡಿ, ಪುಣ್ಯ ಬರುತ್ತೆ!"

ದೊಡ್ಡಪ್ಪನಿಗೆ ಇನ್ನೊಂದು ಹೆಮ್ಮೆಯಿತ್ತು. ಚಾಕು ನೋಡಿ ಅದನ್ನು ಹಿಡಿದವರ ಕತೆ ಹೇಳುವುದು. ಅಂಚು ಎಲ್ಲಿ ಸವೆದಿದೆ, ಯಾವ ಪಕ್ಕಕ್ಕೆ ಓರೆಯಾಗಿದೆ, ಹಿಡಿಯ ಮೇಲೆ ಹೆಬ್ಬೆರಳ ಗುಳಿ ಎಲ್ಲಿ ಬಿದ್ದಿದೆ, ಇಷ್ಟು ನೋಡಿ "ಇವನು ಎಡಚ, ನಿಂತು ಕೆಲಸ ಮಾಡ್ತಿದ್ದ, ಮುಂಗೋಪಿ" ಅನ್ನುವರು. ಮುಂಗೋಪ ಹೇಗೆ ಗೊತ್ತಾಯ್ತು ಎಂದರೆ "ಮೊನೆ ನೋಡು, ಮಾತುಮಾತಿಗೂ ಹಲಗೆಗೆ ಚುಚ್ಚಿ ಇಟ್ಟಿದಾನೆ." ಅವರು ಹೇಳಿದ್ದು ನಿಜವೋ ಸುಳ್ಳೋ, ಕೇಳಲು ಆ ಚಾಕುವಿನ ಯಜಮಾನ ಎದುರಿಗಿರುತ್ತಿರಲಿಲ್ಲ. ಹಾಗಾಗಿ ದೊಡ್ಡಪ್ಪ ಯಾವತ್ತೂ ತಪ್ಪಿದವರಲ್ಲ.

ನಮ್ಮ ಮನೆತನದ ಹೆಣ್ಣುಮಕ್ಕಳಿಗೆಲ್ಲ ಮದುವೆಯಲ್ಲಿ ಅವರ ಉಡುಗೊರೆ ಒಂದೇ. ತಾವೇ ಉಕ್ಕು ಆರಿಸಿ, ತಾವೇ ಹಿಡಿ ಕೆತ್ತಿ, ಅವರವರ ಅಂಗೈ ಅಳತೆಗೆ ಮಾಡಿದ ಅಡುಗೆಮನೆ ಚಾಕು. ಅಕ್ಕನಿಗೆ ಮಾಡಿದ್ದು ಎಲ್ಲಕ್ಕಿಂತ ಚೆಲುವಾಗಿತ್ತು. ಸಣ್ಣ ಅಲಗು, ನೇರ ಬೆನ್ನು, ಬಾಳೆಕಾಯಿಯ ಹಾಗೆ ತುಸು ಬಾಗಿದ ಹಿಡಿ. ಮದುವೆ ಮನೆಯಲ್ಲಿ ಅದನ್ನು ಎಲ್ಲರಿಗೂ ತೋರಿಸಿ ತೋರಿಸಿ ದೊಡ್ಡಮ್ಮನಿಂದ ಬೈಸಿಕೊಂಡರು.

ಭಾವ ಒಂದು ದೊಡ್ಡ ಗೋದಾಮಿನ ಮೇಲ್ವಿಚಾರಕರು. ಬೆಣ್ಣೆಯಂಥ ಮಾತು, ಇಸ್ತ್ರಿ ಮುರಿಯದ ಅಂಗಿ. ಅವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಎಲ್ಲರಿಗೂ ಇಷ್ಟವಾಗಿದ್ದರು, ನನಗೂ ಆಗಿದ್ದರು. ಹೆಣ್ಣು ನೋಡಲು ಬಂದ ದಿನ ದೊಡ್ಡಪ್ಪ ಅವರನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಚಾಕುಗಳನ್ನೆಲ್ಲ ತೋರಿಸಿದರು. ಬಂದವರೆಲ್ಲ ಮೊದಲು ಮುಟ್ಟಬಹುದಾ ಎನ್ನುತ್ತಾರೆ. ಭಾವ ಒಂದನ್ನೂ ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತು, ಬಾಗಿಲ ಕಡೆ ತಿರುಗಿ, "ಈ ಕೋಣೆಗೆ ಬರೀ ಕೊಕ್ಕೆ ಚಿಲಕ ಅಷ್ಟೇನಾ ಮಾವ? ಬೀಗ ಇಲ್ವಾ?" ಎಂದು ಕೇಳಿದರು. ಗೋದಾಮಿನವರಲ್ಲವೇ ಎಂದು ನಾವು ನಕ್ಕೆವು.

ಅವರ ಮನೆ ಊರಿನ ಆ ತುದಿಯಲ್ಲಿ. ಕೆಳಗೆ ಯಾವುದೋ ಮುಚ್ಚಿದ ಅಂಗಡಿ, ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಮೇಲೆ ಇವರದೊಂದೇ ಮನೆ. ಮದುವೆಯಾದ ಹೊಸದರಲ್ಲಿ ಅಕ್ಕ ವಾರ ವಾರ ಬರುತ್ತಿದ್ದಳು. ಆಮೇಲೆ ಭಾವನ ಜೊತೆ ಮಾತ್ರ ಬರತೊಡಗಿದಳು. ಆಮೇಲೆ ನಾವೇ ಹೋಗಬೇಕಾಯಿತು, ಅದೂ ಭಾವನಿಗೆ ರಜೆಯಿದ್ದ ದಿನ. ಫೋನು ಮಾಡಿದರೆ ಎತ್ತುತ್ತಿದ್ದವರು ಅವರೇ. "ಅವಳು ಈಗಷ್ಟೇ ಮಲಗಿದಾಳೆ ಅತ್ತೆ, ಎದ್ದ ಮೇಲೆ ಮಾಡಿಸ್ತೀನಿ." ಮಾಡಿಸುತ್ತಿದ್ದರು ಕೂಡ. ಅಕ್ಕ ಚೆನ್ನಾಗಿದೀನಿ ಅನ್ನುತ್ತಿದ್ದಳು, ಹಿಂದೆ ಅವರು ಉಸಿರಾಡುವುದು ಕೇಳಿಸುತ್ತಿತ್ತು. ಒಮ್ಮೆ ದೊಡ್ಡಮ್ಮನ ಕಿವಿಯಲ್ಲಿ ಅವಳು ಏನೋ ಹೇಳಹೋದಳಂತೆ. ಒಬ್ಬಳೇ ಹೊರಗೆ ಹೋಗೋಕೆ ಬಿಡಲ್ಲಮ್ಮ ಅಂತ. "ನಿನ್ನ ಮೇಲೆ ಅಕ್ಕರೆ ಕಣೇ. ನಿಮ್ಮಪ್ಪ ನನ್ನ ಕೈಗೊಂದು ಚಾಕು ಕೊಡಲ್ಲ, ನಾನು ಯಾರ ಹತ್ತಿರ ಹೇಳ್ಕೊಳ್ಳಲಿ" ಎಂದು ದೊಡ್ಡಮ್ಮ ಅದನ್ನು ನಗೆಯಲ್ಲಿ ತೇಲಿಸಿಬಿಟ್ಟರು.

ಅಂಥ ಒಂದು ರಜೆಯ ಮಧ್ಯಾಹ್ನ ದೊಡ್ಡಪ್ಪ, ದೊಡ್ಡಮ್ಮ, ನಾನು ಅಲ್ಲಿಗೆ ಹೋದೆವು. ದೊಡ್ಡಪ್ಪ ರೂಢಿಯಂತೆ ಅಡುಗೆಮನೆಗೆ ನಡೆದರು. ಚಾಕು ಕಾಣಲಿಲ್ಲ. "ಎಲ್ಲೋ ಇಟ್ಟೆ ಅಪ್ಪ, ಆಮೇಲೆ ಹುಡುಕ್ತೀನಿ" ಎಂದಳು ಅಕ್ಕ. ಆಗ ಭಾವ ಎದ್ದರು. ಅವಸರವಿಲ್ಲದೆ ನಡೆದು, ಹೊರಬಾಗಿಲ ಪಕ್ಕದ ಚಪ್ಪಲಿ ಗೂಡಿನ ಹಿಂದೆ ಕೈ ಹಾಕಿ, ಚಾಕು ತೆಗೆದು ದೊಡ್ಡಪ್ಪನ ಕೈಗೆ ಕೊಟ್ಟರು.

"ನೋಡಿ ಮಾವ, ನೀವು ಅಷ್ಟು ಮುತುವರ್ಜಿಯಿಂದ ಮಾಡಿಕೊಟ್ಟಿದ್ದು. ನಿಮ್ಮ ಮಗಳು ಹೇಗೆ ಹಾಳು ಮಾಡಿದಾಳೆ. ಇದನ್ನ ಮೊದಲಿನ ಹಾಗೆ ಮಾಡಿಕೊಡಬೇಕು ನೀವು."

ದೊಡ್ಡಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೊನೆಯ ಕಡೆ ಅಲಗನ್ನು ಯಾರೋ ಕಲ್ಲಿಗೆ ತಿಕ್ಕಿ ತಿಕ್ಕಿ ಎಲೆಯಷ್ಟು ತೆಳ್ಳಗೆ ಮಾಡಿದ್ದರು. ಅದು ಸ್ವಲ್ಪ ಸೊಟ್ಟಗಾಗಿತ್ತು. ಮೊನೆಯಿಂದ ಬೆರಳಗಲ ಹಿಂದೆ, ಬೆನ್ನಿನ ಮೇಲೆ, ಒಂದು ಸಣ್ಣ ಕಚ್ಚು ಬಿದ್ದಿತ್ತು. ಅಂಚು ಪೂರ್ತಿ ಮೊಂಡು. ತಮ್ಮ ಮಗುವಿಗೆ ಯಾರೋ ಹೊಡೆದಿದ್ದಾರೇನೋ ಅನ್ನುವಂತೆ ದೊಡ್ಡಪ್ಪನ ಮುಖ ಬಾಡಿತು.

"ಏನಮ್ಮಾ ಇದು! ಡಬ್ಬದ ಮುಚ್ಚಳ ಎತ್ತೋಕೆ ಉಪಯೋಗಿಸ್ತೀಯಾ? ಇದೇನಾ ನಾನು ಕಲಿಸಿದ್ದು?"

"ಅಪ್ಪ, ಅದು ಹಾಗೇ ಇರ್ಲಿ" ಎಂದಳು ಅಕ್ಕ. "ನನಗೆ ಅದು ಹಾಗೇ ಅಭ್ಯಾಸ ಆಗಿದೆ."

"ಅಭ್ಯಾಸ ಅಂತೆ! ನೋಡೋಕಾಗಲ್ಲ ನನಗೆ."

"ಅಪ್ಪ, ಬೇಡ. ಕೊಟ್ಟುಬಿಡು."

ಅವಳ ದನಿ ಒಂದು ಥರ ಇತ್ತು. ನಾನು ತಲೆ ಎತ್ತಿ ನೋಡಿದೆ. ಅಕ್ಕ ಅಪ್ಪನನ್ನು ನೋಡುತ್ತಿದ್ದಳು, ಭಾವ ಅಕ್ಕನನ್ನು ನೋಡುತ್ತಿದ್ದರು, ದೊಡ್ಡಪ್ಪ ಚಾಕುವನ್ನು ನೋಡುತ್ತಿದ್ದರು. ಭಾವನ ತುಟಿಯಲ್ಲಿ ನಗೆಯಿತ್ತು. ದೊಡ್ಡಪ್ಪ ಹಳೇ ಪತ್ರಿಕೆಯೊಂದರಲ್ಲಿ ಚಾಕುವನ್ನು ಸುತ್ತಿ ಜೇಬಿಗಿಟ್ಟುಕೊಂಡರು.

ಅದನ್ನು ಅವರು ಸರಿಮಾಡಿದ ಚೆಂದ ಹೇಳಬೇಕು. ಸಂಜೆಗಳೆಲ್ಲ ಅದಕ್ಕೇ ಹೋದವು. ತೆಳ್ಳಗಿನ ಮೊನೆಯನ್ನು ಕತ್ತರಿಸಿ ತೆಗೆದು ಹೊಸ ಮೊನೆ ತೀಡಿದರು. ಕಚ್ಚು ಮಾಯವಾಗುವವರೆಗೂ ಬೆನ್ನನ್ನು ಅರದಿಂದ ಉಜ್ಜಿ ನೇರ ಮಾಡಿದರು. ಅಂಚಿಗೆ ಒರಟು ಕಲ್ಲು, ಆಮೇಲೆ ನುಣುಪು ಕಲ್ಲು, ಕೊನೆಗೆ ಚರ್ಮದ ಪಟ್ಟಿ. ಮುಗಿದ ದಿನ ಕಾಗದದ ಹಾಳೆಯೊಂದನ್ನು ಗಾಳಿಯಲ್ಲಿ ಹಿಡಿದು ಅದರ ಮೇಲೆ ಚಾಕು ಆಡಿಸಿದರು. ಹಾಳೆ ಸದ್ದಿಲ್ಲದೆ ಎರಡಾಗಿ ಬಿತ್ತು. "ನನ್ನ ಕೈಯಲ್ಲಿ ಇಷ್ಟು ಹರಿತ ಇನ್ಯಾವುದೂ ಬಂದಿಲ್ಲ ಪುಟ್ಟಿ" ಎಂದರು. ಆದರೆ ಸಾಣೆ ಹಿಡಿದಾಗೆಲ್ಲ ಒಂದು ಮಾತು ಅವರ ಬಾಯಲ್ಲಿ ಬರುತ್ತಲೇ ಇತ್ತು. "ಹಲ್ಲು ಬೀಳೋದು ಅಂಚಿಗೆ. ಬೆನ್ನಿಗೆ ಹೇಗೆ ಬಿತ್ತು?" ನನ್ನನ್ನೂ ಕೇಳಿದರು, ತಮ್ಮನ್ನೂ ಕೇಳಿಕೊಂಡರು, ಮತ್ತೆ ಉಜ್ಜಿದರು. ಗುಜರಿಯ ಮೂಲೆಯಲ್ಲಿ ಸಿಕ್ಕ, ಯಾರದೋ ಗೊತ್ತಿಲ್ಲದ ಚಾಕುವಾಗಿದ್ದರೆ ಅವರು ಆ ಕಚ್ಚಿನ ಮುಂದೆ ಒಂದು ವಾರ ಕೂತಿರುತ್ತಿದ್ದರು.

ಭಾವ ಕೆಲಸದಿಂದ ಬರುವ ದಾರಿಯಲ್ಲಿ ತಾವೇ ಬಂದು ಚಾಕು ತೆಗೆದುಕೊಂಡು ಹೋದರು. ಬೆನ್ನ ಮೇಲೆ ಬೆರಳಾಡಿಸಿ ನೋಡಿ, "ಅಬ್ಬಾ, ಇಲ್ಲೊಂದು ಕಚ್ಚಿತ್ತು ಅಂತ ಯಾರೂ ಹೇಳಲ್ಲ ಮಾವ" ಎಂದರು. ದೊಡ್ಡಪ್ಪ ಹಿರಿಹಿರಿ ಹಿಗ್ಗಿದರು.

ಕೆಲವು ದಿನ ಕಳೆದಿರಬೇಕು. ಅಂದು ನನಗೆ ರಜೆ. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆ ದೊಡ್ಡಮ್ಮನೂ ನಾನೂ ತರಕಾರಿಗೆ ಹೊರಟೆವು. ಹೊರಡುವಾಗ ದೊಡ್ಡಮ್ಮ ಹಿಂದಿನ ಕೋಣೆಗೆ ಬೆಕ್ಕು ನುಗ್ಗದಿರಲೆಂದು ಹೊರಗಿನಿಂದ ಕೊಕ್ಕೆ ಚಿಲಕವನ್ನು ಚೌಕಟ್ಟಿನ ಕಬ್ಬಿಣದ ಬಳೆಗೆ ಸಿಕ್ಕಿಸಿ ಬಂದರು. ದೊಡ್ಡಪ್ಪ ಕಾರ್ಖಾನೆಗೆ ಹೋಗಿದ್ದಾರೆಂದೇ ಅವರ ಎಣಿಕೆ. ದೊಡ್ಡಪ್ಪ ಒಳಗೇ ಇದ್ದರು, ಕಿವಿಗೆ ಚಾಕು ಹಿಡಿದುಕೊಂಡು ಉಕ್ಕಿನ ದನಿ ಕೇಳುತ್ತ.

ನಾವು ಚೀಲ ಹೊತ್ತು ವಾಪಸು ಬಂದಾಗ ಆ ಕೋಣೆಯ ಬಾಗಿಲು ತೆರೆದಿತ್ತು. ದೊಡ್ಡಪ್ಪ ಹೊಸ್ತಿಲ ಮೇಲೆ ನಿಂತಿದ್ದರು. ಕೈಯಲ್ಲಿ ಕಟುಕನ ಆ ಸವೆದ ಚಾಕು. ದೊಡ್ಡಮ್ಮ ಕೆನ್ನೆ ಬಡಿದುಕೊಂಡು, "ಅಯ್ಯೋ, ನೀವು ಒಳಗಿದ್ರಾ! ಕೂಗ್ಬಾರ್ದಾ? ಹೇಗೆ ಹೊರಗೆ ಬಂದ್ರಿ?" ಎಂದು ನಗತೊಡಗಿದರು. ದೊಡ್ಡಪ್ಪ ನಗಲಿಲ್ಲ.

"ಬಾಗಿಲ ಸಂದಿನಲ್ಲಿ ಚಾಕು ತೂರಿಸಿ ಕೊಕ್ಕೆ ಎತ್ತಿದೆ" ಎಂದರು. "ಎತ್ತುತ್ತೆ. ಆದ್ರೆ ಬೆನ್ನು ನುಣುಪಾಗಿದೆ, ಕೊಕ್ಕೆ ಜಾರಿ ಜಾರಿ ಮತ್ತೆ ಬಳೆಗೇ ಬೀಳುತ್ತೆ. ಎಷ್ಟು ಸಲ ಜಾರ್ತು ಅಂತೀಯ. ಇಲ್ಲಿ, ಮೊನೆಯಿಂದ ಬೆರಳಗಲ ಹಿಂದೆ, ಒಂದು ಕಚ್ಚು ಇದ್ದಿದ್ರೆ..."

ಅಕ್ಕನ ಮನೆಯ ಹೊರಬಾಗಿಲು ನನ್ನ ಕಣ್ಣ ಮುಂದೆ ಬಂತು. ಹಳೇ ಬಾಗಿಲು, ಚೌಕಟ್ಟಿಗೂ ಅದಕ್ಕೂ ನಡುವೆ ಸಂದು, ಹೊರಗಡೆ ಇಂಥದೇ ಕೊಕ್ಕೆ ಚಿಲಕ.

"ಹಾಳಾಗಿರಲಿಲ್ಲ ಅದು" ಎಂದರು ದೊಡ್ಡಪ್ಪ. "ಅವಳು ಮಾಡ್ಕೊಂಡಿದ್ಲು. ನಾನು ಉಜ್ಜಿಬಿಟ್ಟೆ."

ದೊಡ್ಡಮ್ಮನಿಗೆ ಅರ್ಥವಾಗಲು ಇನ್ನೊಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ತರಕಾರಿ ಚೀಲ ಅವರ ಕೈಯಿಂದ ಜಾರಿತು. ಟೊಮೆಟೊ ಉರುಳುತ್ತಿದ್ದರೆ ನಾವು ಮೂವರೂ ಅದನ್ನೇ ನೋಡುತ್ತ ನಿಂತಿದ್ದೆವು.

ದೊಡ್ಡಮ್ಮನನ್ನು ನಮ್ಮಮ್ಮನ ಹತ್ತಿರ ಕೂರಿಸಿ ದೊಡ್ಡಪ್ಪನೂ ನಾನೂ ಹೊರಟೆವು. ಹೊರಡುವ ಮುಂಚೆ ನಾನು ಹಲಗೆಯ ಕಡೆ ಕಣ್ಣು ಹಾಯಿಸಿದ್ದೆ. ಕಟುಕನ ಚಾಕುವಿನ ಜಾಗದಲ್ಲಿ ಬರೀ ಕಪ್ಪು ಆಕಾರ. ಬಸ್ಸಿನಲ್ಲಿ ದೊಡ್ಡಪ್ಪ ಕಿಟಕಿ ಪಕ್ಕ ಕೂತರು. ಬಲಗೈಯನ್ನು ಅಂಗಿಯ ಮೇಲೆ, ಪಕ್ಕೆಯ ಹತ್ತಿರ, ಒತ್ತಿ ಹಿಡಿದಿದ್ದರು. ಬಸ್ಸು ಕುಲುಕಿದಾಗಲೆಲ್ಲ ಅಲ್ಲಿ ಉದ್ದನೆಯದೊಂದು ಉಬ್ಬಿ ಕಾಣುತ್ತಿತ್ತು. ಇವರು ಹೊಡೆದಾಟದ ಚೂರಿ ಮುಟ್ಟದ ಮನುಷ್ಯ ಎಂದು ನನಗೆ ನಾನೇ ಹೇಳಿಕೊಂಡೆ. ಭಾವ ಮನೆಯಲ್ಲಿ ಇರದಿರಲಪ್ಪ ದೇವರೇ ಎಂದೂ ಬೇಡಿಕೊಂಡೆ. ಟಿಕೆಟ್ ಕೇಳಲು ಬಂದ ಕಂಡಕ್ಟರ್ ದೊಡ್ಡಪ್ಪನ ಮುಖ ನೋಡಿ ನನ್ನ ಕಡೆ ತಿರುಗಿದ.

ಆ ಮೆಟ್ಟಿಲ ಬಳಿ ಯಾರೂ ಇರಲಿಲ್ಲ. ಮೇಲೆ ಬಾಗಿಲು ಮುಚ್ಚಿತ್ತು, ಕೊಕ್ಕೆ ಬಳೆಯೊಳಗೆ ಇಳಿದಿತ್ತು. ಬೀಗವಿಲ್ಲ. ಒಳಗೆ ಹೆಂಡತಿ ಇರುವಾಗ ಬೀಗ ಹಾಕಿದರೆ ನೋಡಿದವರು ಏನಾದರೂ ಅಂದುಕೊಂಡಾರು. ಬರೀ ಕೊಕ್ಕೆಯಾದರೆ ಯಾರೋ ಈಗ ಬರುತ್ತೇನೆಂದು ಹೋದ ಹಾಗೆ ಕಾಣುತ್ತದೆ. ದೊಡ್ಡಪ್ಪ "ಮಗಾ" ಎಂದು ಕರೆದರು. ಒಳಗೆ ಸದ್ದಿಲ್ಲ. ಕೊಕ್ಕೆ ಎತ್ತಲು ಅವರ ಕೈ ಬರಲಿಲ್ಲ. ನಾನೇ ಎತ್ತಿದೆ.

ಅಕ್ಕ ಬಾಗಿಲ ಪಕ್ಕದಲ್ಲೇ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಬಲಗೈಗೆ ಸುತ್ತಿದ್ದ ಟವೆಲ್ಲು ಪೂರ್ತಿ ಒದ್ದೆಯಾಗಿತ್ತು. ಬಾಗಿಲ ಅಂಚಿನುದ್ದಕ್ಕೂ, ಸಂದಿನ ಹತ್ತಿರ, ಕೆಂಪು ಗೀರುಗಳು. ಅವಳ ಕಾಲ ಬಳಿ ಆ ಚಾಕು, ಹೊಳೆಯುತ್ತ ಬಿದ್ದಿತ್ತು. ಮೊನೆ ಸಂದಿನಲ್ಲಿ ಹೋಗದೆ ಅವಳು ಒತ್ತಿದ್ದಾಳೆ, ಹಿಡಿ ಜಾರಿದೆ, ಅಂಗೈ ಅಂಚಿನ ಮೇಲೆ ಹರಿದುಹೋಗಿದೆ. ಮೊದಲಿನ ಮೊಂಡು ಚಾಕುವಾಗಿದ್ದರೆ ಒಂದು ಗೀರು ಬೀಳುತ್ತಿತ್ತೇನೋ.

"ಅಪ್ಪ" ಎಂದಳು ಅಕ್ಕ. "ಎಷ್ಟು ಹರಿತ ಮಾಡಿದೀಯಪ್ಪ."

ದೂರಿನ ದನಿಯಲ್ಲ ಅದು. ನಾಲಿಗೆ ಸುಟ್ಟುಕೊಂಡ ಮಗು ಎಷ್ಟು ಬಿಸಿ ಅನ್ನುತ್ತದಲ್ಲ, ಹಾಗೆ. ದೊಡ್ಡಪ್ಪ ಅವಳ ಪಕ್ಕದಲ್ಲಿ ಕುಸಿದು ಕೂತು, ಗಾಯದ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಅಳತೊಡಗಿದರು. ಅವರು ಅತ್ತದ್ದನ್ನು ಅದಕ್ಕೂ ಮುಂಚೆ ನಾನು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ನಾನು ಕೆಳಗೆ ಓಡಿ ಆಟೋ ಹಿಡಿದು ತಂದೆ.

ಮೆಟ್ಟಿಲು ಇಳಿಯುವ ಮೊದಲು ದೊಡ್ಡಪ್ಪ ಒಂದು ಕೆಲಸ ಮಾಡಿದರು. ಅಂಗಿಯೊಳಗಿನಿಂದ ಕಟುಕನ ಚಾಕು ತೆಗೆದರು. ಅದರ ಮೊನೆಯನ್ನು ಚಿಲಕದ ಸ್ಕ್ರೂಗಳಿಗೆ ಇಟ್ಟು ತಿರುಗಿಸಿ ಕೊಕ್ಕೆಯನ್ನು ಬಾಗಿಲಿಂದ ಬಿಚ್ಚಿ ತೆಗೆದರು. ಮೊನೆ ಮುರಿಯಿತು. ಅವರು ಅದನ್ನು ನೋಡಲೂ ಇಲ್ಲ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ, ನರ ಕತ್ತರಿಸಿದೆ, ಎರಡು ಬೆರಳು ಮಡಚುವುದು ಕಷ್ಟ ಎಂದರು. ಅಕ್ಕ ಹಾಸಿಗೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಮನೆಯಿಂದ ಹೊರಗೆ ಬಂದಾಗೆಲ್ಲ ಎಲ್ಲಿಗೆ ಹೋಗುತ್ತಿದ್ದೆ ಎಂದು ನಾನು ಕೇಳಿದೆ. "ಎಲ್ಲಿಗೂ ಇಲ್ಲ ಕಣೇ. ಬೀದಿ ಕೊನೆವರೆಗೂ ಹೋಗಿ ಬರ್ತಿದ್ದೆ. ಅಲ್ಲೊಂದು ಹೊಲಿಗೆ ಅಂಗಡಿ ಇದೆ, ಅವರ ಮೆಷಿನ್ ಸದ್ದು ಕೇಳ್ತಾ ಸ್ವಲ್ಪ ಹೊತ್ತು ನಿಂತ್ಕೊಳ್ತಿದ್ದೆ. ಆಮೇಲೆ ಒಳಗೆ ಬಂದು ಕಚ್ಚಿಗೆ ಕೊಕ್ಕೆ ಸಿಕ್ಕಿಸಿ ಎಳೆದು ಮತ್ತೆ ಬಳೆಗೆ ಹಾಕ್ತಿದ್ದೆ. ಗೊತ್ತೇ ಆಗಲ್ಲ ಅಂದ್ಕೊಂಡಿದ್ದೆ." ವಾಪಸು ಬಂದು ತನ್ನನ್ನು ತಾನೇ ಕೂಡಿಹಾಕಿಕೊಳ್ಳುತ್ತಿದ್ದಳು ನಮ್ಮಕ್ಕ.

ಭಾವನಿಗೆ ಯಾರು ಹೇಳಿದರೋ, ಸಂಜೆಗೆ ಬಂದರು. ಅಂಗಿಯ ಇಸ್ತ್ರಿ ಹಾಗೇ ಇತ್ತು. ಕೈಯಲ್ಲಿ ಹಣ್ಣಿನ ಚೀಲ. ವಾರ್ಡಿನ ಬಾಗಿಲಲ್ಲಿ ಅಡ್ಡ ನಿಂತಿದ್ದ ದೊಡ್ಡಪ್ಪನನ್ನು ನೋಡಿ, ಬೇಸರವಾದವರ ಹಾಗೆ ತಲೆಯಾಡಿಸಿದರು.

"ನಾನು ಅವತ್ತೇ ಹೇಳಬೇಕಿತ್ತು ಮಾವ. ನೀವು ತೀರಾ ಹರಿತ ಮಾಡಿಬಿಟ್ರಿ. ಹೆಂಗಸರ ಕೈಗೆ ಅಷ್ಟು ಹರಿತದ್ದು ಕೊಡಬಾರದು."

ದೊಡ್ಡಪ್ಪನ ಕೈ ಜೇಬಿಗೆ ಹೋಯಿತು. ನಾನು ಅವರ ತೋಳು ಹಿಡಿದೆ. ಅವರು ಮೆಲ್ಲಗೆ ನನ್ನ ಕೈ ಬಿಡಿಸಿ, ಜೇಬಿನಿಂದ ಆ ಕೊಕ್ಕೆ ಚಿಲಕ ತೆಗೆದು, ಸ್ಕ್ರೂಗಳ ಸಮೇತ ಭಾವನ ಅಂಗೈ ಮೇಲಿಟ್ಟರು.

"ಇದು ನಿಮ್ಮದು, ಇಟ್ಕೊಳ್ಳಿ. ಅವಳು ಇನ್ನು ಬರಲ್ಲ."

ಭಾವ ಅದನ್ನು ನೋಡಿದರು. ಹಣ್ಣಿನ ಚೀಲವನ್ನು ಬೆಂಚಿನ ಮೇಲಿಟ್ಟು ಹೊರಟುಹೋದರು. ಅದನ್ನು ನಾನು ಕಸದ ಬುಟ್ಟಿಗೆ ಹಾಕಿದೆ. ಆಮೇಲೆ ನಡೆದ ಮಾತುಕತೆ, ಹಿರಿಯರು, ವಕೀಲರು, ಅದೆಲ್ಲ ಬೇರೆ ತಲೆನೋವು, ಇಲ್ಲಿ ಬೇಡ. ಅಕ್ಕ ನಮ್ಮ ಮನೆಯಲ್ಲೇ ಇದ್ದಾಳೆ. ಬಾಗಿಲು ಮುಚ್ಚುವ ಸದ್ದಾದರೆ ಈಗಲೂ ತಿರುಗಿ ನೋಡುತ್ತಾಳೆ.

ದೊಡ್ಡಪ್ಪ ಗುಜರಿಗೆ ಹೋಗುವುದನ್ನು ಬಿಟ್ಟರು. ಹೋಗಿ ಬನ್ನಿ, ಬೇಕಾದರೆ ಇನ್ನೊಂದು ಇಕ್ಕಳ ತನ್ನಿ ಎಂದು ದೊಡ್ಡಮ್ಮನೇ ಬಲವಂತ ಮಾಡಿದರೂ ಏಳಲಿಲ್ಲ. ನೆಂಟರ ಮನೆಗೆ ಹೋದರೆ ಕುರ್ಚಿಯಲ್ಲೇ ಕೂರುತ್ತಾರೆ. ಚಾಕಪ್ಪ ಎಂದು ಆಡಿಸುತ್ತಿದ್ದ ಅತ್ತೆ ಒಮ್ಮೆ ಬೇಕೆಂದೇ ಮೊಂಡು ಚಾಕು ತಂದು ಎದುರಿಗಿಟ್ಟರು. "ಇರ್ಲಿ ಬಿಡು, ನಿನಗೆ ಹೇಗೆ ಬೇಕೋ ಹಾಗಿದೆ" ಎಂದರಂತೆ. ಅತ್ತೆಗೆ ಅಳು ಬಂದು ಒಳಗೆ ಹೋದರಂತೆ.

ಒಂದು ಚಾಕು ಮಾತ್ರ ಮಾಡಿದರು. ಅಕ್ಕ ಎಡಗೈಯಲ್ಲಿ ತರಕಾರಿ ಹೆಚ್ಚಲು ಕಲಿಯುತ್ತಿದ್ದಳು. ಅವಳು ಹೆಚ್ಚುವುದನ್ನು ಬಾಗಿಲಲ್ಲಿ ನಿಂತು ದಿನವೂ ನೋಡಿದರು. ಕೊನೆಗೊಂದು ದಿನ, ಅಂಚನ್ನು ಎಡಗೈಗೆ ಒಪ್ಪುವಂತೆ ಇನ್ನೊಂದು ಪಕ್ಕಕ್ಕೆ ಓರೆ ಮಾಡಿ ತಂದು, ಹೀಗೆ ಸಾಕಾ, ಇನ್ನೂ ಸ್ವಲ್ಪ ಮೊಂಡು ಮಾಡ್ಲಾ ಎಂದು ಅವಳನ್ನೇ ಕೇಳಿದರು. ಅಕ್ಕ ಸಾಕು ಎಂದ ಮೇಲೆಯೇ ಕೈ ಬಿಟ್ಟರು. ಹಾಗೆ ನಮ್ಮ ಮನೆಯಲ್ಲಿ ಕೊನೆಗೂ ಈರುಳ್ಳಿಗೊಂದು ಚಾಕು ಬಂತು.

ಈಗ ನನ್ನ ಮದುವೆ ಗೊತ್ತಾಗಿದೆ. ಹುಡುಗ ಒಳ್ಳೆಯವನು. ಹೀಗೆಂದು ಬರೆಯುವಾಗ ನನ್ನ ಕೈ ತಡೆಯುತ್ತದೆ, ಆದರೆ ಒಳ್ಳೆಯವನೇ ಇರಬೇಕು. ಮೊನ್ನೆ ಸಂಜೆ ದೊಡ್ಡಪ್ಪ ನನ್ನನ್ನು ಹಿಂದಿನ ಕೋಣೆಗೆ ಕರೆದರು. ಬಹಳ ದಿನದ ಮೇಲೆ ಅಲ್ಲಿ ದೀಪ ಹತ್ತಿತ್ತು. ಹಲಗೆಯ ಮೇಲೆ ಚಾಕುಗಳಿಗೆ ಧೂಳು ಕೂತಿತ್ತು. ಮೇಜಿನ ಮೇಲೆ ಬಟ್ಟೆಯಲ್ಲಿ ಸುತ್ತಿದ್ದೊಂದನ್ನು ಅವರು ನನ್ನ ಮುಂದೆ ಬಿಚ್ಚಿದರು. ನನ್ನ ಅಂಗೈ ಅಳತೆಯ ಹಿಡಿ. ಅಂಚು ಮನೆಗೆಲಸಕ್ಕೆ ಸಾಕಾಗುವಷ್ಟು ಹರಿತ, ಅದಕ್ಕಿಂತ ಹೆಚ್ಚಿಲ್ಲ. ಬೆನ್ನ ಮೇಲೆ, ಮೊನೆಯಿಂದ ಬೆರಳಗಲ ಹಿಂದೆ, ಅರದಿಂದ ನೀಟಾಗಿ ಕೊರೆದ ಒಂದು ಕಚ್ಚು.

ನಾನು ಅದನ್ನು ಎತ್ತಿ ಕಚ್ಚಿನ ಮೇಲೆ ಬೆರಳಿಟ್ಟೆ.

"ಮೊನೆ ಇನ್ನೂ ಮುಗಿದಿಲ್ಲ" ಎಂದರು ದೊಡ್ಡಪ್ಪ, ನನ್ನ ಮುಖ ನೋಡದೆ. "ಎಷ್ಟು ತೆಳ್ಳಗೆ ಬೇಕು ಅಂತ ಗೊತ್ತಾಗಬೇಕಲ್ಲ. ಆ ಮನೆ ಬಾಗಿಲ ಸಂದು ಎಷ್ಟಿದೆ ಅಂತ ಒಂದ್ಸಲ ನೋಡ್ಕೊಂಡು ಬಾ ಪುಟ್ಟಿ."

ನಿನ್ನೆ ಆ ಮನೆಯವರು ಕಾಫಿಗೆ ಕರೆದಿದ್ದರು. ಹುಡುಗನ ತಾಯಿ ಒಳಗೆ ಹೋದಾಗ ನಾನು ಹೊರಬಾಗಿಲ ಹತ್ತಿರ ನಿಂತು, ಚೀಲದಿಂದ ಅಂಗಡಿಯ ಸಣ್ಣ ಸ್ಟೀಲ್ ಅಳತೆಪಟ್ಟಿ ತೆಗೆದು, ಅಳೆದುಕೊಂಡು ಬಂದೆ.